ಗುಡ್ಡದಿಂದ ಧಕ್ಕೆಗೆ ಇಳಿಯುವ ಮಂಗಳೂರು

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಮಗ್ಗುಲಿಗೆ, ಗುಡ್ಡ ತಗ್ಗುಗಳ ಮೇಲೆ ಹಬ್ಬಿದ ಊರು ಮಂಗಳೂರು. ದೇವದುರ್ಗ ಸೀಮೆಯ ಗಬ್ಬೂರಿನ ಎರೆನೆಲದಲ್ಲಿ ಒಂದು ಗುಡಿಯಿಂದ ಇನ್ನೊಂದಕ್ಕೆ ಸಪಾಟು ದಾರಿಯಲ್ಲೇ ಹೋಗಬಹುದು. ಇಲ್ಲಿ ಹಾಗಲ್ಲ, ಹತ್ತು ಹೆಜ್ಜೆಗೊಮ್ಮೆ ಏರು, ಇಲ್ಲವೇ ಇಳಿಜಾರು. ದೇವದುರ್ಗ, ಮಾನ್ವಿ ಕಡೆಯಿಂದ ಕಚೇರಿ ಕೆಲಸಕ್ಕೆಂದು ಬಂದವರಿಗೆ ಬೆಳಗಿನ ಎರಡು ಮೂರು ತಾಸು ಬಿಡುವು ಸಿಕ್ಕರೆ ಹಳೆಯ ಊರನ್ನು ಕಾಲ್ನಡಿಗೆಯಲ್ಲೇ ನೋಡಬಹುದು. ಬಿಸಿಲೇರಿದರೆ ಸೆಕೆ ತಡೆಯದು, ಬೆವರು ಆರದು.

ನಡಿಗೆಯನ್ನು ಬಾವುಟಗುಡ್ಡದಿಂದ ಶುರು ಮಾಡುವುದೇ ಸರಿ, ಏಕೆಂದರೆ ಮುಂದಿನದೆಲ್ಲ ಇಳಿದಾರಿ. 1837ರ ರೈತ ಬಂಡಾಯದಲ್ಲಿ ಅಮರಸುಳ್ಯದ ಕಡೆಯಿಂದ ಬಂದವರು ಕಂಪನಿ ಸರ್ಕಾರದ ಬಾವುಟ ಇಳಿಸಿ ತಮ್ಮದನ್ನು ಏರಿಸಿದ್ದು ಇಲ್ಲಿಯೇ. ಅವರ ಆಡಳಿತ ನಡೆದದ್ದು ಸುಮಾರು ಎರಡು ವಾರ ಮಾತ್ರ. ಪಕ್ಕದಲ್ಲೇ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರವಿದೆ. ಇಟಲಿಯ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಇದರ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಹಸಿ ಗಾರೆಯ ಮೇಲೆ ಬರೆದವೂ ಉಂಟು, ಕ್ಯಾನ್ವಾಸಿನ ಮೇಲಿನವೂ ಉಂಟು. ಈ ಒಂದು ಕಟ್ಟಡಕ್ಕೆ ಅರ್ಧ ತಾಸು ಕೊಟ್ಟರೂ ಕಡಿಮೆಯೇ.

ಹಂಪನಕಟ್ಟೆ ದಾಟಿ ಇಳಿದರೆ ರೊಸಾರಿಯೊ ಚರ್ಚು. ಪೋರ್ಚುಗೀಸರು 1568ರಲ್ಲಿ ಸ್ಥಾಪಿಸಿದ್ದು. ಈಗಿನ ಕಟ್ಟಡ ಆಮೇಲಿನದು. ದಾರಿಯ ಹಳೆಯ ಮನೆ, ಗೋದಾಮುಗಳ ಮಾಡಿನ ಕೆಂಪು ಹೆಂಚು ನೋಡಲು ಮರೆಯಬಾರದು. ಕ್ರೈಸ್ತ ಧರ್ಮಪ್ರಚಾರಕರ ಸಂಸ್ಥೆ ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನದೀತೀರದ ಜೇಡಿಮಣ್ಣಿನಿಂದ ಮಾಡಿದ ಆ ಕೆಂಪು ಹೆಂಚು ಹಡಗೇರಿ ದೂರದೇಶಗಳಿಗೂ ಹೋಯಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹರ್ಮನ್ ಮೊಗ್ಲಿಂಗ್ ಕೂಡ ಇದೇ ಮಿಶನ್ನಿನವರು. ಕನ್ನಡ ಓದುವ ಯಾರಿಗಾದರೂ ಈ ಊರಿನ ಋಣವಿದೆ.

ಕೊನೆಗೆ ಬರುವುದು ಬಂದರು. ಕಿರಿದಾದ ಬೀದಿಗಳು, ಒಣಮೀನಿನ ವಾಸನೆ, ಮೂಟೆ ಹೊತ್ತವರ ಅವಸರ. ಕೆತ್ತನೆಯ ಮರದ ಕಂಬಗಳಿರುವ ಝೀನತ್ ಬಕ್ಷ್ ಮಸೀದಿ ಇಲ್ಲಿದೆ. ದೊಡ್ಡ ಹಡಗುಗಳೆಲ್ಲ ಪಣಂಬೂರಿನ ಹೊಸ ಬಂದರಿಗೆ ಹೋದರೂ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಹಡಗುಗಳು ಈ ಹಳೆಯ ಧಕ್ಕೆಯಲ್ಲೇ, ಎಂದರೆ ಹಡಗುಕಟ್ಟೆಯಲ್ಲೇ, ನಿಲ್ಲುತ್ತವೆ. ಇಲ್ಲಿನ ಕಡಲ ವ್ಯಾಪಾರ ಬಹಳ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷ ನೆಲೆಸಿ ಹಿತ್ತಾಳೆ ಪಾತ್ರೆಗಳನ್ನು ಮಾಡಿಸುತ್ತಿದ್ದ. ಅವನ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗಿನಲ್ಲಿ ಉಳಿದುಕೊಂಡವು. ಅವನ ಸೇವಕ ಬೊಮ್ಮನ ಹೆಸರೂ ಅವುಗಳಲ್ಲಿದೆ. ಈ ಕರಾವಳಿಯ ಒಬ್ಬ ಸಾಮಾನ್ಯ ಆಳಿನ ಹೆಸರು ಅಷ್ಟು ದೂರದಲ್ಲಿ ಅಳಿಯದೆ ಉಳಿದದ್ದು ಧಕ್ಕೆಯಲ್ಲಿ ನಿಂತಾಗ ನೆನಪಾಗಬೇಕು.

ಕದ್ರಿ ಈ ದಾರಿಗೆ ಸೇರದು, ಅದಕ್ಕೆ ಇನ್ನೊಂದು ಬೆಳಗು ಬೇಕು. ಅಲ್ಲಿಯ ಮಂಜುನಾಥ ದೇವಾಲಯದ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದನೆಂದು ಅದರ ಪೀಠದ ಶಾಸನವೇ ಹೇಳುತ್ತದೆ.