ಎಲ್ಲಕ್ಕೂ ಒಂದೇ ಪ್ರೋಬ್ ಸಾಕೇ?

ಅಹಮದಾಬಾದಿಗೂ ವಡೋದರಕ್ಕೂ ನಡುವೆ ನಡಿಯಾದ್ ಎಂಬ ಊರಿದೆ. ಅಲ್ಲಿನ ಮುಲ್ಜಿಭಾಯಿ ಪಟೇಲ್ ಯುರಾಲಜಿ ಆಸ್ಪತ್ರೆಯ ಡಾ. ಮಹೇಶ್ ದೇಸಾಯಿ ಮತ್ತು ಸಂಗಡಿಗರು 2011ರಲ್ಲಿ ‘ಮೈಕ್ರೋಪರ್ಕ್’ ಎಂಬ ವಿಧಾನವನ್ನು ವೈದ್ಯಲೋಕದ ಮುಂದಿಟ್ಟರು. ಮೂತ್ರಪಿಂಡದ ಕಲ್ಲನ್ನು ಪುಡಿಮಾಡಲು ಅದರಲ್ಲಿ ಬೆನ್ನಿನಿಂದ ಒಳಹೋಗುವ ಸೂಜಿ ಬರೀ 1.6 ಮಿಲಿಮೀಟರ್ ದಪ್ಪ. ಅಲ್ಟ್ರಾಸೌಂಡ್ ಪರದೆ ನೋಡಿಕೊಂಡು ಕಿಡ್ನಿಗೆ ಸೂಜಿ ಹಾಕುವುದು ಈ ಆಸ್ಪತ್ರೆಯವರು ಬಹುಕಾಲದಿಂದ ಕರಗತ ಮಾಡಿಕೊಂಡ ವಿದ್ಯೆ. ಸೂಜಿ ಹಿಡಿದ ಕೈ ಎಷ್ಟೇ ನುರಿತದ್ದಾದರೂ ಅದಕ್ಕೆ ದಾರಿ ತೋರುವುದು ಇನ್ನೊಂದು ಕೈಯಲ್ಲಿರುವ ಪ್ರೋಬ್, ಎಂದರೆ ದೇಹದೊಳಗೆ ಶಬ್ದ ಕಳಿಸಿ ಅದರ ಮರುದನಿ ಹಿಡಿಯುವ ಸಾಧನ.

ಕಿಡ್ನಿಯನ್ನು ಇಷ್ಟು ಚೆನ್ನಾಗಿ ತೋರಿಸುವ ಪ್ರೋಬನ್ನೇ ಥೈರಾಯ್ಡ್ ಮೇಲಿಟ್ಟರೆ ಚಿತ್ರ ಮಸುಕು. ಥೈರಾಯ್ಡ್ ಪ್ರೋಬನ್ನು ಬೆನ್ನಿಗಿಟ್ಟರೆ ಕಿಡ್ನಿ ಇರುವ ಆಳದಲ್ಲಿ ಬರೀ ಕತ್ತಲೆ. ಹೀಗಾಗಿಯೇ ಸ್ಕ್ಯಾನಿಂಗ್ ಸೆಂಟರಿನ ಯಂತ್ರಕ್ಕೆ ಮೂರು ನಾಲ್ಕು ಪ್ರೋಬ್ ತೂಗುಹಾಕಿರುತ್ತಾರೆ. ಹೊಟ್ಟೆಗೆ ಬಾಗಿದ ಮುಖದ್ದು, ಕತ್ತು ಮತ್ತು ರಕ್ತನಾಳಕ್ಕೆ ಚಪ್ಪಟೆಯದು, ಪಕ್ಕೆಲುಬಿನ ಸಂದಿಯಿಂದ ಹೃದಯ ನೋಡಲು ಕಿರುಮುಖದ್ದು.

ಶಬ್ದ ನಮ್ಮ ಮೃದು ಅಂಗಾಂಶದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. 3.5 ಮೆಗಾಹರ್ಟ್ಸ್ ಕಂಪನದಲ್ಲಿ ಅದರ ಒಂದು ಅಲೆಯ ಉದ್ದ 0.44 ಮಿಲಿಮೀಟರ್. 10 ಮೆಗಾಹರ್ಟ್ಸಿನಲ್ಲಿ 0.15 ಮಿಲಿಮೀಟರ್. ಅಲೆ ಚಿಕ್ಕದಾದಷ್ಟೂ ಚಿತ್ರದ ವಿವರ ಸೂಕ್ಷ್ಮ. ಆದರೆ ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸಿಗೆ ಸುಮಾರು ಅರ್ಧ ಡೆಸಿಬಲ್ ಶಕ್ತಿಯನ್ನು ದೇಹ ಹೀರಿಕೊಳ್ಳುತ್ತದೆ. ಹತ್ತು ಸೆಂಟಿಮೀಟರ್ ಆಳಕ್ಕೆ ಹೋಗಿ ಮರಳುವಷ್ಟರಲ್ಲಿ 3 ಮೆಗಾಹರ್ಟ್ಸ್ ಶಬ್ದದಲ್ಲಿ ಉಳಿಯುವುದು ಸಾವಿರದಲ್ಲೊಂದು ಪಾಲು. 10 ಮೆಗಾಹರ್ಟ್ಸಿನದ್ದು ಸಾವಿರ ಕೋಟಿಯಲ್ಲೊಂದು ಪಾಲು. ಆಳ ಬೇಕೆಂದರೆ ವಿವರ ಬಿಡಬೇಕು, ವಿವರ ಬೇಕೆಂದರೆ ಆಳ ಬಿಡಬೇಕು.

ಅಹಮದಾಬಾದಿನಲ್ಲಿ ಡಾ. ಎಚ್.ಎಲ್. ತ್ರಿವೇದಿ ಕಟ್ಟಿ ಬೆಳೆಸಿದ ಕಿಡ್ನಿ ಸಂಸ್ಥೆಯಂಥ ಕಡೆ ಈ ಲೆಕ್ಕ ಒಬ್ಬನೇ ರೋಗಿಯಲ್ಲಿ ಬದಲಾಗುತ್ತದೆ. ಹುಟ್ಟಿನಿಂದ ಬಂದ ಕಿಡ್ನಿ ಬೆನ್ನಿನ ಆಳದಲ್ಲಿರುತ್ತದೆ. ಕಸಿ ಮಾಡಿದ ಕಿಡ್ನಿಯನ್ನು ಕೂರಿಸುವುದು ಕೆಳಹೊಟ್ಟೆಯ ಪಕ್ಕದಲ್ಲಿ, ಚರ್ಮಕ್ಕೆ ಹತ್ತಿರ. ಅದಕ್ಕೆ ಹೆಚ್ಚು ಕಂಪನದ ಪ್ರೋಬ್ ಸಲ್ಲುತ್ತದೆ, ರಕ್ತ ಹರಿಯುವ ಸಣ್ಣ ನಾಳಗಳೂ ಕಾಣುತ್ತವೆ.

ಪ್ರೋಬಿನ ಒಳಗಿರುವುದು ಪೀಜೋ ಸೆರಾಮಿಕ್. ವಿದ್ಯುತ್ ಕೊಟ್ಟರೆ ಕಂಪಿಸುತ್ತದೆ, ಕಂಪನ ತಾಗಿದರೆ ವಿದ್ಯುತ್ ಕೊಡುತ್ತದೆ. ಇವುಗಳಲ್ಲಿ ಎರಡನೆಯ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಹರಳುಗಳಲ್ಲಿ ಕಂಡರು. 5 ಮೆಗಾಹರ್ಟ್ಸಿಗೆ ಬೇಕಾದ ಸೆರಾಮಿಕ್ ಬಿಲ್ಲೆಯ ದಪ್ಪ ಸುಮಾರು 0.4 ಮಿಲಿಮೀಟರ್. ಕಂಪನ ಹೆಚ್ಚಬೇಕಾದರೆ ಬಿಲ್ಲೆ ಇನ್ನೂ ತೆಳ್ಳಗಾಗಬೇಕು. ಈ ಬಿಲ್ಲೆಯನ್ನು ನೂರಿಪ್ಪತ್ತೆಂಟೋ ಹೆಚ್ಚೋ ಪಟ್ಟಿಗಳಾಗಿ ಸೀಳುತ್ತಾರೆ, ಒಂದೊಂದು ಸೀಳೂ ಕೂದಲಿಗಿಂತ ಸಪೂರ. ಸೀಳುವ ಗರಗಸದ ಅಂಚಿನಲ್ಲಿರುವುದು ವಜ್ರದ ಪುಡಿ.

ಸೆರಾಮಿಕ್ ನೇರ ದೇಹಕ್ಕೆ ತಾಗಿದರೆ ಐದರಲ್ಲಿ ನಾಲ್ಕು ಪಾಲು ಶಕ್ತಿ ಅಲ್ಲೇ ಹಿಂದಿರುಗಿಬಿಡುತ್ತದೆ. ಅದಕ್ಕೇ ಮುಂಭಾಗಕ್ಕೆ ಕಾಲು ಅಲೆಯಷ್ಟು ದಪ್ಪದ ಹೊಂದಿಕೆಯ ಪದರಗಳು, ಚರ್ಮದ ಮೇಲಿನ ಗಾಳಿ ಕಳೆಯಲು ಜೆಲ್. ಹಿಂಭಾಗಕ್ಕೆ ಟಂಗ್‌ಸ್ಟನ್ ಪುಡಿ ಬೆರೆಸಿದ ಎಪಾಕ್ಸಿ ಅಂಟು: ಬಾರಿಸಿದ ಗಂಟೆಯನ್ನು ಅಂಗೈಯಿಂದ ಹಿಡಿದಂತೆ ಅದು ಕಂಪನವನ್ನು ಥಟ್ಟನೆ ನಿಲ್ಲಿಸುತ್ತದೆ. ಶಬ್ದದ ತುಣುಕು ಗಿಡ್ಡವಾದಷ್ಟೂ ಅದರಲ್ಲಿ ಹೆಚ್ಚು ಬಗೆಯ ಕಂಪನಗಳು ಸೇರುತ್ತವೆ. ಒಂದೇ ಪ್ರೋಬನ್ನು ಹಲವು ಕೆಲಸಕ್ಕೆ ಹಚ್ಚುವ ದಾರಿ ತೆರೆಯುವುದು ಇಲ್ಲಿಯೇ.

ಈ ದಾರಿಯಲ್ಲಿ ಬಹುದೂರ ಹೋಗಿರುವುದು ಸಿಲಿಕಾನ್. ಸ್ಟ್ಯಾನ್‌ಫರ್ಡಿನಲ್ಲಿ ಬುಟ್ರಸ್ ಖೂರಿ-ಯಾಕುಬ್ ತಂಡ 1990ರ ದಶಕದಲ್ಲಿ ರೂಪಿಸಿದ ತಂತ್ರದಲ್ಲಿ ಸೆರಾಮಿಕ್ಕಿನ ಬದಲು ಚಿಪ್ ಮೇಲೆ ಸೂಕ್ಷ್ಮ ತಮಟೆಗಳು. ಇದನ್ನು ಬಳಸಿದ ಬಟರ್‌ಫ್ಲೈ ಪ್ರೋಬಿಗೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ಸಿಕ್ಕಿತು. ಅದರ ಚಿಪ್‌ನಲ್ಲಿ ಸುಮಾರು 9000 ತಮಟೆಗಳಿದ್ದು, ಬಾಗಿದ, ಚಪ್ಪಟೆ, ಕಿರುಮುಖದ ಮೂರೂ ಪ್ರೋಬುಗಳ ಕೆಲಸ ಮಾಡುತ್ತವೆ. ಜಿಇ ಕಂಪನಿ ಬೇರೆ ದಾರಿ ಹಿಡಿದು, ಒಂದೇ ಹಿಡಿಯ ಎರಡು ತುದಿಗೆ ಎರಡು ಪ್ರೋಬ್ ಕೂರಿಸಿತು.

ಇಂಥ ಪ್ರೋಬ್ ನಮ್ಮ ನೆಲಕ್ಕೆ ಬಂದಾಗ ಮೊದಲು ಎದುರಾಗುವುದು ಬಿಸಿಲು. ಚರ್ಮಕ್ಕೆ ತಾಗುವ ಪ್ರೋಬಿನ ಮುಖ 43 ಡಿಗ್ರಿ ಸೆಲ್ಸಿಯಸ್ ದಾಟಬಾರದೆಂದು ಅಂತರರಾಷ್ಟ್ರೀಯ ಮಾನದಂಡವಿದೆ. ಅಹಮದಾಬಾದಿನಲ್ಲಿ 2016ರ ಮೇ ತಿಂಗಳಲ್ಲಿ 48 ಡಿಗ್ರಿ ದಾಖಲಾಗಿತ್ತು. ಸುತ್ತಲಿನ ಗಾಳಿಯೇ ಪ್ರೋಬಿಗಿಂತ ಬಿಸಿಯಾದರೆ ಅಂಗೈಯಗಲದ ಯಂತ್ರ ತನ್ನ ಶಾಖವನ್ನು ಎಲ್ಲಿಗೆ ಬಿಟ್ಟೀತು? ಎ.ಸಿ. ಇಲ್ಲದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ವಿನ್ಯಾಸ ಮಾಡುವವರು ಚಿತ್ರದ ಗುಣಮಟ್ಟದಷ್ಟೇ ಗಂಭೀರವಾಗಿ ಈ ಪ್ರಶ್ನೆಯನ್ನೂ ತೆಗೆದುಕೊಳ್ಳಬೇಕು.

ಎರಡನೆಯ ಸವಾಲು ಇದಕ್ಕಿಂತ ಕಠಿಣ: ಹೆಣ್ಣುಭ್ರೂಣದ ಹತ್ಯೆಗೆ ಸ್ಕ್ಯಾನಿಂಗಿನ ದುರ್ಬಳಕೆ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಗುಜರಾತಿನಲ್ಲಿದ್ದ ಹೆಣ್ಣುಮಕ್ಕಳು 890, ಕರ್ನಾಟಕದಲ್ಲಿ 948. ಅಂಕಿ ನೋಡಿ ನಾವು ನೆಮ್ಮದಿಪಡುವಂತಿಲ್ಲ: 2023ರಲ್ಲಿ ಬಯಲಾದ ಭ್ರೂಣಹತ್ಯೆ ಜಾಲ ಸ್ಕ್ಯಾನಿಂಗ್ ನಡೆಸುತ್ತಿದ್ದದ್ದು ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಪ್ರತಿಯೊಂದು ಯಂತ್ರವನ್ನೂ ನೋಂದಾಯಿಸಿ ಒಂದು ಜಾಗಕ್ಕೆ ಕಟ್ಟಿಹಾಕುತ್ತದೆ. ಜೇಬಿಗೆ ಹಿಡಿಯುವ, ಎಲ್ಲವನ್ನೂ ತೋರಿಸುವ ಪ್ರೋಬ್ ಆ ಕಟ್ಟನ್ನು ಸಡಿಲಿಸುತ್ತದೆ.

ಹಾಗೆಂದು ಹಳ್ಳಿಯ ರೋಗಿಗೆ ಸ್ಕ್ಯಾನಿಂಗ್ ಬೇಡವೆನ್ನಲಾದೀತೇ? ದಕ್ಷಿಣ ಗುಜರಾತಿನ ಆದಿವಾಸಿಗಳಲ್ಲೂ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದೆ. ಈ ಕಾಯಿಲೆಯಿರುವ ಮಕ್ಕಳ ಮಿದುಳಿನ ರಕ್ತನಾಳದಲ್ಲಿ ರಕ್ತ ಸೆಕೆಂಡಿಗೆ 200 ಸೆಂಟಿಮೀಟರಿಗಿಂತ ವೇಗವಾಗಿ ಹರಿದರೆ ಪಾರ್ಶ್ವವಾಯುವಿನ ಅಪಾಯ ಬಲು ಹೆಚ್ಚು. ಮೊದಲೇ ಗುರುತಿಸಿ ನಿಯಮಿತವಾಗಿ ರಕ್ತ ಕೊಟ್ಟರೆ ಅದನ್ನು ಬಹುಮಟ್ಟಿಗೆ ತಡೆಯಬಹುದೆಂದು 1998ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅಳೆಯಲು ಬೇಕಾದದ್ದು ಕಣತಲೆಯ ತೆಳು ಮೂಳೆಯನ್ನು ದಾಟಬಲ್ಲ 2 ಮೆಗಾಹರ್ಟ್ಸಿನ ಡಾಪ್ಲರ್ ಪ್ರೋಬ್. ಅದರ ಸರಳ ಮಾದರಿ ಚಿತ್ರವನ್ನೇ ಮೂಡಿಸುವುದಿಲ್ಲ, ರಕ್ತದ ವೇಗವನ್ನಷ್ಟೇ ಹೇಳುತ್ತದೆ. ಭ್ರೂಣದ ಲಿಂಗ ನೋಡಲು ಅದರಿಂದ ಸಾಧ್ಯವೇ ಇಲ್ಲ.

ಎಲ್ಲ ಬಲ್ಲ ಪ್ರೋಬನ್ನು ರೂಪಿಸುವುದು ದೊಡ್ಡ ಸಾಧನೆ, ಅದು ತಾಲ್ಲೂಕು ಆಸ್ಪತ್ರೆಯ ತುರ್ತು ವಾರ್ಡಿಗೆ ಬರಲಿ. ಆದರೆ ಬೇಕೆಂದೇ ಕಡಿಮೆ ಬಲ್ಲ ಪ್ರೋಬುಗಳನ್ನು ರೂಪಿಸುವುದೂ ಅಷ್ಟೇ ಘನವಾದ ಎಂಜಿನಿಯರಿಂಗ್. ಶ್ವಾಸಕೋಶಕ್ಕೊಂದು, ಕಸಿ ಕಿಡ್ನಿಗೊಂದು, ಮಗುವಿನ ಕಣತಲೆಗೊಂದು. ಅಗ್ಗದ್ದು, ಬಿಸಿಲು ತಾಳುವಂಥದ್ದು, ಗರ್ಭದತ್ತ ತಿರುಗಿಸಿದರೆ ಏನನ್ನೂ ತೋರಿಸದಂಥದ್ದು. ಆಳ ಮತ್ತು ವಿವರಗಳ ನಡುವೆ ಆಯ್ಕೆ ಮಾಡಲೇಬೇಕೆಂದು ಭೌತವಿಜ್ಞಾನ ಹೇಗೂ ಹಟ ಹಿಡಿದಿದೆ. ಆ ಆಯ್ಕೆಯನ್ನು ರೋಗಿಯ ಹಾಸಿಗೆಯ ಬಳಿ ನಿಂತು ಮಾಡಿದರೆ, ಇನ್ನೂ ಹುಟ್ಟದ ಹೆಣ್ಣುಮಗುವನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.