ಪುಟ್ಟ ಪೆಟ್ಟಿಗೆಗೆ ದೊಡ್ಡ ಉಸಿರು

ಬಲಶಾಲಿ ಕಂಪ್ಯೂಟರ್ ಬೇಕೆಂದರೆ ಆಳೆತ್ತರದ ಕ್ಯಾಬಿನೆಟ್ಟೂ ಬೇಡ, ಬೆಂಗಳೂರಿನ ಕಚೇರಿಯೂ ಬೇಡ. ಬೇಕಾದದ್ದು ಶಾಖದ ಲೆಕ್ಕ. ಆ ಲೆಕ್ಕದ ಮೊದಲ ಪಾಠ ಶ್ರೀರಂಗಪಟ್ಟಣದಲ್ಲೇ ಇದೆ.

ಆ ಪಾಠದತ್ತ ಗಮನ ಹರಿಸಿದವರಲ್ಲಿ ವಿಜ್ಞಾನಿ ರೊದ್ದಂ ನರಸಿಂಹ ಒಬ್ಬರು. ಅವರು 1984ರಿಂದ 1993ರವರೆಗೆ ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಇಂದು ನಾವು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಎನ್ನುವುದು ಅದನ್ನೇ. 1985ರಲ್ಲಿ ಅವರು ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳನ್ನು ಹೋಲಿಸಿ ಪ್ರಬಂಧವೊಂದನ್ನು ಬರೆದರು. ಮರುವರ್ಷ ಅವರ ಪ್ರಯೋಗಾಲಯದಲ್ಲಿ ‘ಫ್ಲೋಸಾಲ್ವರ್’ ಎಂಬ ಕಂಪ್ಯೂಟರ್ ಕೆಲಸ ಶುರುಮಾಡಿತು. ಭಾರತದ ಮೊದಲ ಸಮಾಂತರ ಕಂಪ್ಯೂಟರ್ ಅದು.

ಹೈದರ್–ಟಿಪ್ಪು ಕಾಲದ ರಾಕೆಟ್ಟಿಗೂ ಕಂಪ್ಯೂಟರಿಗೂ ಎಲ್ಲಿಯ ಸಂಬಂಧ ಎನ್ನಿಸಬಹುದು. ಎರಡರ ಹಿಂದೆಯೂ ಎಂಜಿನಿಯರನ ಒಂದೇ ಪ್ರಶ್ನೆ ಇದೆ: ಇಷ್ಟು ಸಣ್ಣ ಜಾಗ ಎಷ್ಟು ಶಕ್ತಿಯನ್ನು ತಾಳಬಲ್ಲದು? ಇವತ್ತು ಮೇಜಿನ ಮೂಲೆಯಲ್ಲಿ ಕೂರುವ ಪುಟ್ಟ ಕ್ಯಾಬಿನೆಟ್ಟಿನೊಳಗೆ ಮಹಾಬಲದ ವರ್ಕ್‌ಸ್ಟೇಷನ್ ಕಟ್ಟಲು ಹೊರಟವರು ಎದುರಿಸುವುದೂ ಇದೇ ಪ್ರಶ್ನೆಯನ್ನು.

ಕಬ್ಬಿಣದ ಕೊಳವೆಯ ಪಾಠ

ಹೈದರ್–ಟಿಪ್ಪು ಕಾಲದಲ್ಲಿ ಯುರೋಪಿನಲ್ಲೂ ರಾಕೆಟ್‌ಗಳಿದ್ದವು, ಮದ್ದೂ ಇತ್ತು. ಆದರೆ ಅಲ್ಲಿನ ರಾಕೆಟ್ಟಿನ ಕವಚ ಕಬ್ಬಿಣದ್ದಲ್ಲ. ಒಳಗಿನ ಒತ್ತಡ ಏರಿದರೆ ಕವಚವೇ ಸಿಡಿದುಹೋಗುವ ಭಯ. ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿದರು. ಕೊಳವೆಯ ಉದ್ದ ಸುಮಾರು 20 ಸೆಂಟಿಮೀಟರ್, ವ್ಯಾಸ 4ರಿಂದ 7.5 ಸೆಂಟಿಮೀಟರ್. ಅದಕ್ಕೆ ನಾಲ್ಕಡಿಯ ಬಿದಿರಿನ ಗಳು ಕಟ್ಟುತ್ತಿದ್ದರು. ಅರ್ಧ ಕಿಲೊಗೂ ಕಡಿಮೆ ಮದ್ದಿನಲ್ಲಿ ಅದು ಸುಮಾರು 900 ಮೀಟರ್ ದೂರ ಹಾರಬಲ್ಲದಾಗಿತ್ತು. ಕಬ್ಬಿಣ ಒತ್ತಡವನ್ನು ತಾಳಿದ್ದರಿಂದಲೇ ಮದ್ದಿನ ಹೆಚ್ಚಿನ ಬಲ ಹಾರಾಟಕ್ಕೆ ಒದಗಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅಲ್ಲಿನ ವಿಲಿಯಂ ಕಾಂಗ್ರೀವ್ ಅವನ್ನು ನೋಡಿ ತನ್ನ ರಾಕೆಟ್‌ಗಳನ್ನು ರೂಪಿಸಿದ.

ಕವಚವೂ ಯಂತ್ರದ ಭಾಗವೇ, ಎಷ್ಟು ಶಕ್ತಿ ಬಳಕೆಗೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದೂ ಅದೇ. ಪುಟ್ಟ ವರ್ಕ್‌ಸ್ಟೇಷನ್ ಕಟ್ಟುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು ಇದು.

ಹತ್ತಿರವಿದ್ದಷ್ಟೂ ವೇಗ

ಕಂಪ್ಯೂಟರನ್ನು ಚಿಕ್ಕದಾಗಿಸುವುದು ಅಂದಕ್ಕಾಗಿ ಮಾತ್ರ ಅಲ್ಲ. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕೇ ಕ್ರಮಿಸುವುದು 30 ಸೆಂಟಿಮೀಟರ್. ತಂತಿಯಲ್ಲಿ ಸಂಕೇತ ಇನ್ನೂ ನಿಧಾನ. 1976ರ ಕ್ರೇ–1 ಸೂಪರ್‌ಕಂಪ್ಯೂಟರನ್ನು ಸೀಮೋರ್ ಕ್ರೇ ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರದಲ್ಲಿ ಕಟ್ಟಿದ್ದು ಒಳಗಿನ ತಂತಿಗಳನ್ನು ಗಿಡ್ಡವಾಗಿಸಲೆಂದೇ. ಹತ್ತಿರ ತಂದರೆ ವೇಗ ಸಿಗುತ್ತದೆ, ಜೊತೆಗೆ ಶಾಖವೂ ಒಂದೆಡೆ ಸೇರುತ್ತದೆ. ಸುಮಾರು ಐದು ಟನ್ ತೂಗುತ್ತಿದ್ದ ಆ ಯಂತ್ರವನ್ನು ತಣ್ಣಗಿಡಲು ಫ್ರಿಯಾನ್ ಎಂಬ ಶೀತಕ ಹರಿಸಬೇಕಾಗಿತ್ತು.

ಅಂಥ ಯಂತ್ರಗಳನ್ನು ಭಾರತಕ್ಕೆ ಮಾರಲು ಅಮೆರಿಕ ಮೀನಮೇಷ ಎಣಿಸುತ್ತಿದ್ದ ಕಾಲದಲ್ಲಿ ಎನ್‌ಎಎಲ್‌ನ ಯು.ಎನ್. ಸಿನ್ಹಾ ಮತ್ತು ಅವರ ತಂಡ ಬೇರೆ ದಾರಿ ಹಿಡಿಯಿತು. ಪೇಟೆಯಲ್ಲಿ ಸಿಗುತ್ತಿದ್ದ ಇಂಟೆಲ್ 8086 ಚಿಪ್‌ಗಳನ್ನು ಜೊತೆಗೂಡಿಸಿ, ಗಾಳಿಯ ಹರಿವಿನ ಲೆಕ್ಕವನ್ನು ಅವುಗಳ ನಡುವೆ ಹಂಚಿದರು. ಫ್ಲೋಸಾಲ್ವರ್ ಹುಟ್ಟಿದ್ದು ಹೀಗೆ. ಇಂದಿನ ಗ್ರಾಫಿಕ್ಸ್ ಕಾರ್ಡ್ ಸಾವಿರಾರು ಸಣ್ಣ ಕೋರ್‌ಗಳಿಗೆ ಕೆಲಸ ಹಂಚುವುದೂ ಅದೇ ತತ್ತ್ವದ ಮೇಲೆ. 2025ರಲ್ಲಿ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 5090 ಕಾರ್ಡನ್ನು ಕ್ರೇ–1ರ 64 ಬಿಟ್ ಲೆಕ್ಕದಲ್ಲೇ ಅಳೆದರೂ ಗರಿಷ್ಠ ವೇಗ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಅದರ ಉದ್ದ ಬರೀ 30 ಸೆಂಟಿಮೀಟರ್.

12 ಲೀಟರಿನ ಲೆಕ್ಕ

ಮಾಮೂಲಿ ಟವರ್ ಕ್ಯಾಬಿನೆಟ್ಟಿನ ಒಳಗಾತ್ರ 45–60 ಲೀಟರ್. ಪುಟ್ಟ ಕ್ಯಾಬಿನೆಟ್ ಎಂದರೆ 20 ಲೀಟರಿನೊಳಗೆ. ಪಳಗಿದವರು 12ಕ್ಕೂ ಇಳಿಸುತ್ತಾರೆ. ಮನೆಗೆ ತರಿಸುವ ಕುಡಿಯುವ ನೀರಿನ ಕ್ಯಾನಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜಾಗವಷ್ಟೇ.

ಇದರೊಳಗೆ ಏನೇನು ಕೂರಬೇಕು? 17 ಸೆಂಟಿಮೀಟರ್ ಚೌಕದ ಮಿನಿ–ಐಟಿಎಕ್ಸ್ ಮದರ್‌ಬೋರ್ಡ್. ಅದರ ಮೇಲೆ 16 ಕೋರ್‌ಗಳ ಎಎಂಡಿ ರೈಜನ್ 9 9950ಎಕ್ಸ್‌ನಂಥ ಪ್ರೊಸೆಸರ್. ಈ ಬೋರ್ಡ್‌ಗಳಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್. ಒಂದೊಂದಕ್ಕೂ 64 ಜಿಬಿ ಹಾಕಿದರೆ 128 ಜಿಬಿ. 32 ಜಿಬಿ ಸ್ವಂತ ಮೆಮೊರಿಯಿರುವ ಆರ್‌ಟಿಎಕ್ಸ್ 5090ರಂಥ ಗ್ರಾಫಿಕ್ಸ್ ಕಾರ್ಡ್. ವಿದ್ಯುತ್ ಒದಗಿಸುವ ಎಸ್‌ಎಫ್‌ಎಕ್ಸ್ ಅಳತೆಯ ಎಸ್‌ಎಂಪಿಎಸ್. ಅಂಗೈಯಗಲದ ಈ ಡಬ್ಬಿಯಲ್ಲೇ ಈಗ 1,000 ವಾಟ್ ಸಿಗುತ್ತದೆ. ಜಾಗ ಉಳಿಸಲು ಮದರ್‌ಬೋರ್ಡನ್ನು ಒಂದು ಮಗ್ಗುಲಿಗೂ ಗ್ರಾಫಿಕ್ಸ್ ಕಾರ್ಡನ್ನು ಇನ್ನೊಂದು ಮಗ್ಗುಲಿಗೂ ಬೆನ್ನಿಗೆ ಬೆನ್ನು ತಾಗುವಂತೆ ನಿಲ್ಲಿಸಿ, ನಡುವೆ ಎರಡನ್ನೂ ಜೋಡಿಸುವ ರೈಸರ್ ಕೇಬಲ್ ಎಳೆಯುತ್ತಾರೆ.

ಕೂರಿಸುವುದು ಸುಲಭ, ಉಸಿರಾಡಿಸುವುದು ಕಷ್ಟ. ಗ್ರಾಫಿಕ್ಸ್ ಕಾರ್ಡ್ 575 ವಾಟ್ ಎಳೆಯುತ್ತದೆ. ಪ್ರೊಸೆಸರ್ ಪೂರ್ತಿ ದುಡಿಯುವಾಗ 200 ವಾಟಿನ ಆಸುಪಾಸು. ಮಿಕ್ಕ ಭಾಗಗಳೂ ಸೇರಿ ಒಟ್ಟು ಸುಮಾರು 800 ವಾಟ್, ಅಷ್ಟೂ ಕೊನೆಗೆ ಶಾಖವೇ. ಒಳಹೋಗುವ ಗಾಳಿ 15 ಡಿಗ್ರಿ ಮಾತ್ರ ಬಿಸಿಯಾಗಿ ಹೊರಬರಬೇಕೆಂದರೆ ಸೆಕೆಂಡಿಗೆ ಸುಮಾರು 47 ಲೀಟರ್ ಗಾಳಿ ಹಾಯಬೇಕು. ಎಂದರೆ 12 ಲೀಟರಿನ ಪೆಟ್ಟಿಗೆಯ ಗಾಳಿ ಸೆಕೆಂಡಿಗೆ ನಾಲ್ಕು ಸಲ ಬದಲಾಗಬೇಕು! ಕೇಬಲ್ಲೊಂದು ಫ್ಯಾನಿನ ಎದುರು ಅಡ್ಡ ಬಂದರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಈ ಕೆಲಸದಲ್ಲಿ ಕೇಬಲ್‌ಗಳನ್ನು ಬೇಕಾದ ಉದ್ದಕ್ಕೆ ಮಾಡಿಸಿಕೊಳ್ಳುವುದು ವಾಡಿಕೆ.

ಈ ಲೆಕ್ಕ ಕೈಕೊಟ್ಟರೆ ದೊಡ್ಡವರಿಗೂ ವಿನಾಯಿತಿಯಿಲ್ಲ. ಆ್ಯಪಲ್ 2013ರಲ್ಲಿ ಹೊರತಂದ ಮ್ಯಾಕ್ ಪ್ರೊ ಪುಟ್ಟ ಕಪ್ಪು ಸಿಲಿಂಡರ್. ಶಾಖ ಹೊರಹಾಕಲು ಇದ್ದದ್ದು ಒಂದೇ ಫ್ಯಾನ್. ಇನ್ನೂ ಬಿಸಿಯಾದ ಹೊಸ ಗ್ರಾಫಿಕ್ಸ್ ಚಿಪ್‌ಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಆ ವಿನ್ಯಾಸ ತನ್ನನ್ನೇ ಕಟ್ಟಿಹಾಕಿತು ಎಂದು 2017ರಲ್ಲಿ ಕಂಪನಿಯೇ ಒಪ್ಪಿಕೊಂಡಿತು.

ಪರಿಹಾರವಿದೆ. ಚಿಪ್ ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಕೊನೆಯ ಒಂದಿಷ್ಟು ವೇಗಕ್ಕೆ ತೆರುವ ಶಾಖ ವಿಪರೀತ. ಸಾಫ್ಟ್‌ವೇರಿನಲ್ಲೇ ಗ್ರಾಫಿಕ್ಸ್ ಕಾರ್ಡಿಗೆ 400 ವಾಟಿನ ಮಿತಿ ಹಾಕಿ, ಪ್ರೊಸೆಸರನ್ನು ಕಡಿಮೆ ವಿದ್ಯುತ್ತಿನ ಇಕೊ ಮೋಡಿಗೆ ಇಳಿಸಿದರೆ ಶಾಖ ಮೂರನೇ ಒಂದರಷ್ಟು ತಗ್ಗುತ್ತದೆ. ವೇಗದ ನಷ್ಟ ಅದಕ್ಕಿಂತ ಬಹಳ ಕಡಿಮೆ. ಪುಟ್ಟ ಪೆಟ್ಟಿಗೆಯ ಯಂತ್ರಕ್ಕೆ ಇದನ್ನು ಮೊದಲ ದಿನವೇ ಮಾಡಬೇಕು.

ನಮ್ಮ ಸೀಮೆಯ ಷರತ್ತುಗಳು

ಅಂತರರಾಷ್ಟ್ರೀಯ ವಿಮರ್ಶೆಗಳಲ್ಲಿ ಇಂಥ ಯಂತ್ರಗಳನ್ನು ಪರೀಕ್ಷಿಸುವುದು ತಂಪು ಕೋಣೆಯಲ್ಲಿ. ನಮ್ಮ ಮಂಡ್ಯ ಜಿಲ್ಲೆಯ ಪಾಂಡವಪುರದ ಏಪ್ರಿಲ್ ಬಿಸಿಲಿಗೆ ಕೋಣೆಯೇ 35 ಡಿಗ್ರಿ ಮುಟ್ಟುತ್ತದೆ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಚಿಪ್ ಕೂಡ ಹೆಚ್ಚುಕಡಿಮೆ ಹತ್ತು ಡಿಗ್ರಿ ಬಿಸಿ. ಆದ್ದರಿಂದ ಅಲ್ಲಿ 10 ಲೀಟರಿನಲ್ಲಿ ಸಾಧಿಸಿದ್ದನ್ನು ನಾವು 15 ಲೀಟರಿನಲ್ಲಿ ಸಾಧಿಸಿದರೆ ಸೋಲಲ್ಲ, ಜಾಣತನ.

ಎರಡನೆಯದು ದೂಳು. ಆಲೆಮನೆಗಳ ಹೊಗೆ, ರಚ್ಚಿನ ಬೂದಿ, ಕಬ್ಬಿನ ಲಾರಿ ಎಬ್ಬಿಸುವ ಮಣ್ಣು, ಎಲ್ಲವೂ ಫ್ಯಾನಿಗೆ ಬರುತ್ತವೆ. ಗಾಳಿ ಒಳಬರುವ ಕಡೆ ಬಿಚ್ಚಿ ತೊಳೆಯಬಹುದಾದ ಜಾಲರಿ ಇರಬೇಕು. ಹೊರದೂಡುವ ಫ್ಯಾನ್‌ಗಳಿಗಿಂತ ಒಳಗೆ ಎಳೆಯುವ ಫ್ಯಾನ್‌ಗಳ ಬಲ ತುಸು ಹೆಚ್ಚಿದ್ದರೆ ಸಂದುಗೊಂದಿನಿಂದ ದೂಳು ನುಗ್ಗುವುದಿಲ್ಲ.

ಮೂರನೆಯದು ಕರೆಂಟು. ಒಳ್ಳೆಯ ಎಸ್‌ಎಂಪಿಎಸ್ 100ರಿಂದ 240 ವೋಲ್ಟ್‌ವರೆಗೂ ನಿಭಾಯಿಸುತ್ತದೆ. ಲೋ ವೋಲ್ಟೇಜಿಗೆ ಅದು ಬೆದರುವುದಿಲ್ಲ. ಬೆದರಬೇಕಾದದ್ದು ಇದ್ದಕ್ಕಿದ್ದಂತೆ ಹೋಗಿ ಬರುವ ಕರೆಂಟಿಗೆ, ಸಿಡಿಲಿಗೆ. ಸೈನ್ ವೇವ್ ಯುಪಿಎಸ್ 1.5–2 ಕೆವಿಎ ಸಾಮರ್ಥ್ಯದ್ದಿರಲಿ. ಲಕ್ಷಗಳ ಯಂತ್ರ ಕೊಳ್ಳುವ ಮೊದಲು ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನನಿಂದ ಅಳತೆ ಮಾಡಿಸಿ. ಸರಿಯಿಲ್ಲದಿದ್ದರೆ ಇದ್ದಿಲು, ಉಪ್ಪು ಹಾಕಿ ಹೊಸ ಗುಂಡಿಯನ್ನೇ ತೋಡಿಸಿ.

ಸಿದ್ಧ ಪೆಟ್ಟಿಗೆಗಳೂ ಇವೆ. ಎನ್ವಿಡಿಯಾದ ಡಿಜಿಎಕ್ಸ್ ಸ್ಪಾರ್ಕ್ 15 ಸೆಂಟಿಮೀಟರ್ ಚೌಕ, ಐದು ಸೆಂಟಿಮೀಟರ್ ಎತ್ತರ. ಅದರಲ್ಲಿ 128 ಜಿಬಿ ಮೆಮೊರಿ. ಎಐ ಕಲಿಯುವವರಿಗೆ ಒಳ್ಳೆಯ ಯಂತ್ರವೇ. ಆದರೆ ಅದರ ಮೆಮೊರಿಯನ್ನು ಬೆಸೆದುಬಿಟ್ಟಿರುತ್ತಾರೆ. ಕೆಟ್ಟರೆ ಬದಲಿಸಲಾಗದು, ಸಾಲದಾದರೆ ಹೆಚ್ಚಿಸಲಾಗದು. ಕೈಯಾರೆ ಜೋಡಿಸಿದ ಯಂತ್ರದಲ್ಲಿ ಕೆಟ್ಟ ಭಾಗವೊಂದನ್ನೇ ಮೈಸೂರಿನಿಂದ ತಂದು ಹಾಕಿಕೊಳ್ಳಬಹುದು. ಸಣ್ಣ ಊರಿನವರಿಗೆ ಇದು ದೊಡ್ಡ ಅನುಕೂಲ.

ಕೆಲಸ ಇಲ್ಲೇ ಇದೆ

ಇಷ್ಟು ಬಲದ ಕಂಪ್ಯೂಟರ್ ಮಂಡ್ಯ ಸೀಮೆಯ ಈ ತಾಲ್ಲೂಕುಗಳಲ್ಲಿ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲಿಗೆ ಹೋಗಿ ನೋಡಲಿ. ಲಕ್ಷ್ಮೀನಾರಾಯಣ ದೇವಾಲಯದ ಹೊರಗೋಡೆಯ ಬುಡದ ಸುತ್ತ ರಾಮಾಯಣ, ಮಹಾಭಾರತ, ಭಾಗವತಗಳ ಕಥೆ ಕಲ್ಲಿನಲ್ಲಿ ಸಾಲುಗಟ್ಟಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದವು, ಹೊಸಹೊಳಲು ಸೇರಲಿಲ್ಲ. ಅಲ್ಲಿನ ಒಂದೊಂದು ಶಿಲ್ಪವನ್ನೂ ಸಾವಿರಾರು ಕೋನಗಳಿಂದ ಚಿತ್ರ ತೆಗೆದು, ಮೂರು ಆಯಾಮದ ಮಾದರಿ ಕಟ್ಟಿ ಉಳಿಸಬಹುದು. ಚಿತ್ರಗಳನ್ನು ಹೊಂದಿಸಿ ಮಾದರಿಯಾಗಿಸುವ ಲೆಕ್ಕಕ್ಕೆ ದೊಡ್ಡ ಮೆಮೊರಿಯೂ ಗ್ರಾಫಿಕ್ಸ್ ಕಾರ್ಡೂ ಬೇಕೇ ಬೇಕು. ಯಂತ್ರ ಬಸ್ಸಿನಲ್ಲಿ ಒಯ್ಯುವಷ್ಟು ಚಿಕ್ಕದಾಗಿದ್ದರೆ ಸಂಜೆಗೇ ಊರಿನಲ್ಲಿ ಫಲಿತಾಂಶ ನೋಡಿ, ಬಿಟ್ಟುಹೋದ ಮೂಲೆಯನ್ನು ಮರುದಿನ ಮತ್ತೆ ಚಿತ್ರಿಸಬಹುದು. ನಾಗಮಂಗಲದ ಸೌಮ್ಯಕೇಶವ, ಕಂಬದಹಳ್ಳಿಯ ಪಂಚಕೂಟ ಬಸದಿ, ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯಗಳೂ ಇಂಥ ಕೆಲಸಕ್ಕೆ ಕಾದಿವೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ಎಂ.ಎ. ಲಕ್ಷ್ಮೀತಾತಾಚಾರ್ಯರ ಮುಂದಾಳತ್ವದಲ್ಲಿ ಕಳೆದ ಶತಮಾನದಲ್ಲೇ ವ್ಯಾಕರಣವನ್ನೂ ಕಂಪ್ಯೂಟರನ್ನೂ ಒಟ್ಟಿಗೆ ತರುವ ಪ್ರಯತ್ನ ನಡೆದಿತ್ತು. ತಾಳೆಗರಿಯ ಲಿಪಿಯನ್ನು ಓದಲು ಎಐ ಮಾದರಿಗೆ ಕಲಿಸುವುದು ಅದರ ಸಹಜ ಮುಂದುವರಿಕೆ. ಹಸ್ತಪ್ರತಿಯ ಚಿತ್ರಗಳನ್ನು ಪರದೇಶದ ಸರ್ವರಿಗೆ ಕಳಿಸದೆ, ಅವು ಇರುವಲ್ಲೇ ಈ ಕೆಲಸ ನಡೆಯಬೇಕು. 32 ಜಿಬಿಯ ಕಾರ್ಡಿರುವ ಪುಟ್ಟ ಪೆಟ್ಟಿಗೆ ಅದನ್ನು ಸಾಧ್ಯವಾಗಿಸುತ್ತದೆ.

ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಬಿಜಿಎಸ್ ತಾಂತ್ರಿಕ ಕಾಲೇಜಿದೆ. ಒಂದೊಂದು ಕಾಲೇಜೂ ಅಂತಿಮ ವರ್ಷದ ಪ್ರಾಜೆಕ್ಟಾಗಿ ಇಂಥದೊಂದು ಯಂತ್ರ ಕಟ್ಟಲಿ. ಮೆಕ್ಯಾನಿಕಲ್ ವಿದ್ಯಾರ್ಥಿಗಳು ತಗಡು ಕತ್ತರಿಸಿ ಕ್ಯಾಬಿನೆಟ್ ಮಾಡಲಿ, ಗಾಳಿಯ ಲೆಕ್ಕ ಹಾಕಲಿ. ಎಲೆಕ್ಟ್ರಿಕಲ್ಲಿನವರು ಯುಪಿಎಸ್, ಅರ್ಥಿಂಗ್ ನೋಡಿಕೊಳ್ಳಲಿ. ಕಂಪ್ಯೂಟರ್ ಸೈನ್ಸಿನವರು ಹೊಸಹೊಳಲಿನ ಶಿಲ್ಪಗಳನ್ನು ಮಾದರಿಯಾಗಿಸಲಿ. ಮೂರು ವಿಭಾಗಗಳೂ ಒಂದೇ ಪೆಟ್ಟಿಗೆಯ ಸುತ್ತ ಕೂತು ಕಲಿಯುವುದು ಯಾವ ಪಠ್ಯಪುಸ್ತಕದಲ್ಲೂ ಸಿಗದು. ನಾಲ್ಕು 8086 ಚಿಪ್‌ಗಳಿಂದ ಎನ್‌ಎಎಲ್ ಆರಂಭಿಸಿತು. ನಮ್ಮ ಹುಡುಗ ಹುಡುಗಿಯರ ಕೈಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿನದು ಇದೆ.