ನೂರರಾಗ ಮೂವರಿಗಷ್ಟೇ ಕೆಲಸ ಇಲ್ಲೇನು?

ದೇಶದಾಗ ನಿರುದ್ಯೋಗ ಶೇ. 3.2 ಅಂತ ಓದಿದ್ರ, ನೂರು ಮಂದಿಯೊಳಗ ಬರೇ ಮೂವರಿಗೆ ಕೆಲಸ ಇಲ್ಲ ಅಂತ ತಿಳೀಬ್ಯಾಡ್ರಿ.

ಇದು ಕೇಂದ್ರ ಸರಕಾರದ 2023-24ರ ಕಾರ್ಮಿಕ ಪಡೆ ಸಮೀಕ್ಷೆಯ ಅಂಕಿ. 15 ವರ್ಷ ತುಂಬಿದ 100 ಮಂದಿ ತಗೊಳ್ರಿ. ದುಡಿಯೋರು 58. ಕೆಲಸ ಇಲ್ಲದೇ ಹುಡುಕೋರು ಸುಮಾರು 2. ಈ 60ರೊಳಗಿನ ಇಬ್ಬರ ಪಾಲೇ ಆ ಶೇ. 3.2. ಉಳಿದ 40 ಮಂದಿ, ಅಂದ್ರ ಓದೋರು, ಮನಿ ನೋಡ್ಕೊಳ್ಳೋರು, ವಯಸ್ಸಾದೋರು, ಹುಡುಕಿ ಹುಡುಕಿ ಕೈಬಿಟ್ಟೋರು, ನಿರುದ್ಯೋಗದ ಲೆಕ್ಕಕ್ಕ ಬರೋದೇ ಇಲ್ಲ.

ಈಗ ಇಂಡಿ ತಾಲ್ಲೂಕಿನ ಲಚ್ಯಾಣಕ್ಕ ಬರ್ರಿ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕ ಸೀಮೆ ಇದು. ಮನಿ ತೋಟದಾಗ ಪಗಾರ ಇಲ್ಲದೇ ಲಿಂಬೆಕಾಯಿ ಆರಿಸೋ ಹೆಣ್ಮಗಳೂ ಸಮೀಕ್ಷೆ ಪ್ರಕಾರ ಉದ್ಯೋಗಸ್ಥೆ. ವರ್ಷದಾಗ 30 ದಿನ ದುಡಿದ್ರೂ ಸಾಕು. ಆಕೀನ ಎಣಿಸಿದ್ದು ನ್ಯಾಯನೇ, ಆಕಿ ಬೆವರೂ ಬೆವರೇ. ಆದ್ರ ಎಣಿಸಿದ ಮಾತ್ರಕ್ಕ ಆಕಿ ಕೈಗೆ ರೊಕ್ಕ ಬರಲಿಲ್ಲ.

ಇಡೀ ದೇಶದಾಗ 15 ವರ್ಷ ತುಂಬಿದ 100 ಹೆಣ್ಮಕ್ಕಳೊಳಗ 2017-18ರಾಗ 23 ಮಂದಿ ದುಡೀತಿದ್ರು ಇಲ್ಲಾ ಕೆಲಸ ಹುಡುಕ್ತಿದ್ರು. 2023-24ಕ್ಕ ಸುಮಾರು 42. ದೊಡ್ಡ ಏರಿಕೆನೇ! ಆದ್ರ ದುಡಿಯೋ ಹೆಣ್ಮಕ್ಕಳಲ್ಲಿ ಮೂರರಾಗ ಎರಡು ಪಾಲು ಸ್ವಂತ ಉದ್ಯೋಗದ ಗುಂಪಿನೋರು. ಪಗಾರ ಇಲ್ಲದೇ ಮನಿ ಹೊಲದಾಗ ದುಡಿಯೋರನ್ನೂ ಅದರಾಗೇ ಸೇರಿಸ್ತಾರ.

ಇನ್ನ 15ರಿಂದ 29 ವಯಸ್ಸಿನ ಹುಡುಗರು, ಹುಡುಗಿಯರು? 2023-24ರಾಗ ಅವರ ನಿರುದ್ಯೋಗ ಶೇ. 10.2 ಇತ್ತು. ಇಡೀ ದೇಶದ ದರದ ಸುಮಾರು ಮೂರು ಪಟ್ಟು.

ಮುಂದ ನಿರುದ್ಯೋಗದ ಅಂಕಿ ಕಂಡಾಗ ಎರಡು ಮಾತು ಕೇಳ್ರಿ: ಎಷ್ಟು ಮಂದಿಯೊಳಗ? ಪಗಾರ ಎಷ್ಟು?